ಬಾನೆಟ್ಟಿನ ಮೇಲೆ ಎರಡು ಏಟು

ಗಂಡ ಸತ್ತು ವರ್ಷವಾಗುತ್ತ ಬಂದಾಗ ಅನ್ನಪೂರ್ಣವ್ವ ಒಂದು ಶಪಥ ಮಾಡಿದಳು. ಗಂಡನ ಜಿಪ್ಸಿಯನ್ನು ತಾನೇ ಹೊಡೆದುಕೊಂಡು ಗಂಡನ ಸಮಾಧಿಗೆ ಹೋಗುವುದು! ವರ್ಷದ ಎಡೆಯನ್ನು ಅದರಲ್ಲೇ ಒಯ್ಯುವುದು. ಪೂಜೆಗೆ ಬರುವ ಅಯ್ಯನವರನ್ನೂ ಅದರಲ್ಲೇ ಒಯ್ಯುವುದು. ಮೈದುನ ಬಸಪ್ಪನ ಸೊಕ್ಕನ್ನೂ ಅದರಲ್ಲೇ ಹೇರಿಕೊಂಡು ಹೋಗಿ, ಅಲ್ಲೇ ಮಣ್ಣು ಮುಚ್ಚಿ ಬರುವುದು!

ಬಸಪ್ಪನಿಗೆ ಆ ಗಾಡಿಯ ಮೇಲೆ ಕಣ್ಣಿತ್ತು. ಅಣ್ಣನ ಸಮಾಧಿಯ ಮಣ್ಣು ಆರುವ ಮೊದಲೇ ಇತ್ತು. ಬನವಾಸಿ ಹತ್ತಿರದ ಹೊಲದಿಂದ ಶಿರಸಿ ಪೇಟೆಗೆ ಅನಾನಸ್ ಸಾಗಿಸಲು ಗಾಡಿ ಬೇಕು ಎಂಬುದು ಅವನ ಒಂದು ವಾದ. ಹೆಂಗಸಿನ ಮನೆಯಲ್ಲಿ ನಿಂತರೆ ತುಕ್ಕು ಹಿಡಿಯುತ್ತದೆ ಎಂಬುದು ಇನ್ನೊಂದು.

"ವೈನಿ, ಅದು ಜಿಪ್ಸಿ ಐತಿ. ಕುಂತಲ್ಲೇ ಊದಾಕ ಒಲಿ ಅಲ್ಲ."

"ಒಲಿ ಊದಿದವರಿಗೆ ಹೊಗಿ ಎಂಥಾದು ಅಂತ ಗೊತ್ತಿರತೈತಿ ಬಸಪ್ಪ. ನೀ ಬರೇ ಉಂಡವ."

"ಹಂಗಂದ್ರ ಹೊಡದು ತೋರಸ್ರಿ! ಮನಿಯಿಂದ ಸಮಾಧಿಗೆ, ಸಮಾಧಿಯಿಂದ ಮನಿಗೆ. ಬ್ಯಾರೇದವರ ಕೈ ಸ್ಟೇರಿಂಗಿಗೆ ತಾಗಬಾರದು. ತಾಗ್ತಂದ್ರ ಕೀಲಿ ನಂದು."

"ತಾಗಲಿಲ್ಲಂದ್ರ?"

"ಮತ್ತ ಗಾಡಿ ಮಾತು ಎತ್ತಂಗಿಲ್ಲ."

ಅಯ್ಯನವರ ಎದುರಿಗೇ ಈ ಮಾತಾಯಿತು. ಅಯ್ಯನವರು ಸಾಕ್ಷಿ. ಸಾಕ್ಷಿಯೂ ಅದೇ ಗಾಡಿಯಲ್ಲಿ ಕೂರಬೇಕು ಎಂದು ಗೊತ್ತಾದ ಮೇಲೆ ಅವರ ಮುಖ ಸ್ವಲ್ಪ ಬಾಡಿತು.

ಆ ಜಿಪ್ಸಿ ಅವಳ ಗಂಡ ಶಿವಲಿಂಗಪ್ಪನ ಮನೆದೇವರು. ಎಂಬತ್ತೆಂಟರ ಮಾಡೆಲ್ಲು, ತಾಡಪತ್ರಿಯ ಮಾಡು. ತೊಂಬತ್ತೆರಡರಲ್ಲಿ ಯಲ್ಲಾಪುರದ ಒಂದು ಹರಾಜಿನಲ್ಲಿ ಹಿಡಿದು ತಂದಿದ್ದ. ಅಂದಿನಿಂದ ಮನೆಗೆ ಯಾರೇ ಬರಲಿ, ಚಹಕ್ಕಿಂತ ಮೊದಲು ಅವರಿಗೆ ಜಿಪ್ಸಿಯ ಪುರಾಣ!

"ಜಪಾನಿನವರು ಎಪ್ಪತ್ತನೇ ಇಸವಿಯಾಗ ಇದರ ಅಜ್ಜನ್ನ ಮಾಡಿದ್ರು. ಮುನ್ನೂರಾ ಅರವತ್ತು ಸಿಸಿ. ನಮ್ಮ ಬುಲೆಟ್ಟಿನಷ್ಟss ಇಂಜಿನ್ನು, ಆದ್ರ ಗುಡ್ಡ ಏರತಿತ್ತು! ಎಂಬತ್ತೈದಕ್ಕ ನಮ್ಮ ದೇಶಕ್ಕ ಬಂತು. ನಾಕುನೂರಾ ಹತ್ತು ಅಂತ ಹೆಸರು. ಒಂದು ಸಾವಿರ ಸಿಸಿ ಅಂತಾರ ಮಂದಿ. ತಪ್ಪು! ಒಂಬೈನೂರಾ ಎಪ್ಪತ್ತು."

ತೊಂಬತ್ತಮೂರರಲ್ಲಿ ಅಗಲ ಜಿಪ್ಸಿ ಬಂತು. ಶಿವಲಿಂಗಪ್ಪ ಹುಬ್ಬಳ್ಳಿಗೆ ಹೋಗಿ ನೋಡಿ ಬಂದ. ಮೂಗು ಮುರಿದ. "ಅಗಲ ಆದ್ರ ಏನಾತು? ಸಂದಿಯಾಗ ನುಗ್ಗಾಕ ಬರಂಗಿಲ್ಲ, ತಿರುಗಿಸಾಕ ಬರಂಗಿಲ್ಲ." ಅದೇ ವರ್ಷ ಅನ್ನಪೂರ್ಣವ್ವನೂ ಕೊಂಚ ಅಗಲವಾಗಿದ್ದಳು. ಅವಳ ಬಗ್ಗೆಯೂ ಅವನ ಅಭಿಪ್ರಾಯ ಅದೇ ಇತ್ತು.

ತೊಂಬತ್ತಾರರಲ್ಲಿ ಕಿಂಗ್ ಬಂತು, ಸಾವಿರದ ಮುನ್ನೂರು ಸಿಸಿ. "ರಾಜ ಅಂತ ಹೆಸರಿಟ್ಟ ಕೂಡಲೇ ರಾಜ ಆಕ್ಕಾನೇನು?" ಎಂದ. ಎರಡು ಸಾವಿರದಲ್ಲಿ ಕಾರ್ಬರೇಟರು ತೆಗೆದು ಹೊಸ ಇಂಜಿನ್ನು ಕೂರಿಸಿದರು. ಅವನು ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ಇಷ್ಟನ್ನು ಅನ್ನಪೂರ್ಣವ್ವ ಅಡುಗೆಮನೆಯಿಂದಲೇ ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಗ್ಗಿ ಮರೆತಿತ್ತು, ಸಿಸಿ ಮರೆಯಲಿಲ್ಲ.

ಅವನು ಸತ್ತದ್ದೂ ಈ ಪುರಾಣದ ನಡುವೆಯೇ. ಹಗಲು ಹನ್ನೊಂದರ ಹೊತ್ತು. ಅನಾನಸ್ ನೋಡಲು ಬಂದ ವ್ಯಾಪಾರಿಯೊಬ್ಬ ಪಡಸಾಲೆಯಲ್ಲಿ ಸಿಕ್ಕಿಬಿದ್ದಿದ್ದ. ಎಪ್ಪತ್ತು ಆಯಿತು, ಎಂಬತ್ತೈದು ಆಯಿತು, ತೊಂಬತ್ತಾರರ ಕಿಂಗ್ ಬಂತು. ಅಲ್ಲಿಗೆ ದನಿ ನಿಂತಿತು.

"ಹಾಂ, ಉಸಿರು ತೊಗೋರಿ ಸ್ವಲ್ಪ!" ಎಂದು ಅನ್ನಪೂರ್ಣವ್ವ ಒಳಗಿನಿಂದ ಕೂಗಿದಳು.

ಅವನು ತೆಗೆದುಕೊಳ್ಳಲಿಲ್ಲ.

ಊರವರೆಲ್ಲ ಬಂದು ಅತ್ತರು. ಒಳ್ಳೆಯ ಸಾವು, ನರಳಲಿಲ್ಲ ಎಂದರು. ಹೌದು, ನರಳಲಿಲ್ಲ. ನರಳುವ ಕೆಲಸಕ್ಕೂ ಅವಳನ್ನೇ ಹಚ್ಚಿ ಹೋದ.

ಬದುಕಿದ್ದಾಗ ಹಚ್ಚಿದ್ದು ಇನ್ನೊಂದು ಕೆಲಸಕ್ಕೆ. ಆ ಹಳೇ ಜಿಪ್ಸಿಗೆ ನಾಲ್ಕೂ ಗಾಲಿ ಎಳೆಯಬೇಕು ಅಂದರೆ ಒಳಗೆ ಕೂತು ಗೇರಿನ ಪಕ್ಕದ ಸಣ್ಣ ಲಿವರು ಎಳೆದರೆ ಸಾಲದು. ಕೆಳಗಿಳಿದು, ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಇರುವ ತಿರುಪನ್ನು ಕೈಯಿಂದ ತಿರುವಿ ಬಿಗಿ ಮಾಡಬೇಕು. ಇಲ್ಲದಿದ್ದರೆ ಮುಂದಿನ ಗಾಲಿ ಬಿಟ್ಟಿ ಕೂಲಿಯ ಹಾಗೆ ಸುಮ್ಮನೆ ನಿಂತಿರುತ್ತವೆ. ಶಿವಲಿಂಗಪ್ಪ ಈ ಕೆಲಸವನ್ನು ಬಹಳ ನ್ಯಾಯವಾಗಿ ಹಂಚಿದ್ದ. ಲಿವರು ಅವನದು, ಕೆಸರು ಅವಳದು!

ಕೆಸರು ಬಂದ ಕೂಡಲೇ ಗಾಡಿ ನಿಲ್ಲಿಸಿ, "ಅನ್ನಪೂರ್ಣಾ, ಇಳಿ" ಎನ್ನುವನು. ಅವಳು ಸೀರೆ ಎತ್ತಿ ಕಟ್ಟಿ ಇಳಿಯುವಳು. ಅವನ ಕುಲಕೋಟಿಯನ್ನೆಲ್ಲ ನೆನೆಯುತ್ತ ಈ ತಿರುಪು, ಆ ತಿರುಪು ಬಿಗಿ ಮಾಡುವಳು. ಆಮೇಲೆ ಬಾನೆಟ್ಟಿನ ಮೇಲೆ ಅಂಗೈಯಿಂದ ಎರಡು ಏಟು. ಆಯಿತು, ಹೋಗು ಎಂದರ್ಥ. ಗಾಡಿ ಗರ್ಜಿಸಿ, ಅವಳಿಗೆ ಮೊಣಕಾಲಿನಿಂದ ಕುಂಕುಮದವರೆಗೆ ಕೆಸರಿನ ಅಭಿಷೇಕ ಮಾಡಿ, ಆಚೆ ಒಣನೆಲಕ್ಕೆ ಹೋಗಿ ನಿಲ್ಲುವುದು. ಅವಳು ಪಚಕ್ ಪಚಕ್ ಎಂದು ನಡೆದು ಹೋಗಿ ಹತ್ತಬೇಕು.

"ನೋಡಿದೇನು? ನಾಕು ಗಾಲಿ ಎಳಿಯೋದು ಅಂದ್ರ ಇದು!"

"ಆರು ಅನ್ನ್ರಿ. ನಾಕು ಗಾಲಿ, ನನ್ನವೆರಡು ಕಾಲು."

"ಹೊಸಾ ಮಾಡೆಲ್ಲಿನಾಗ ಈ ಮಜಾ ಇಲ್ಲ ನೋಡು."

"ಮಜಾ ಯಾರಿಗ್ರಿ?"

"ಇಬ್ಬರಿಗೂ! ನನಗ ಹೊಡಿಯೋದು, ನಿನಗ ಬೈಯೋದು."

ಇಂಥವನ ಗಾಡಿ. ಇದನ್ನು ಬಿಡುವುದೇ? ಅನ್ನಪೂರ್ಣವ್ವ ಶಿರಸಿಯ ಡ್ರೈವಿಂಗ್ ಶಾಲೆಗೆ ಸೇರಿದಳು. ಕಲಿಸುವ ಜಟ್ಟಪ್ಪ ಸಮಾಧಾನದ ಮನುಷ್ಯ. "ಅಮ್ಮಾ, ಎದುರಿಗೆ ಬಸ್ಸು ಬಂತು ಅಂದ್ರೆ ಬ್ರೇಕು ಒತ್ತೂದು. ಕಣ್ಣು ಮುಚ್ಚೂದಲ್ಲ" ಎಂದು ಮೆಲ್ಲಗೆ ಹೇಳುತ್ತಿದ್ದ. ಲೈಸನ್ಸು ಬಂತು. ಅದರಲ್ಲಿನ ಫೋಟೋ ನೋಡಿದರೆ ಪೊಲೀಸರೇ ದಾರಿ ಬಿಡಬೇಕು, ಹಾಗಿತ್ತು! ಆದರೆ ಶಾಲೆಯ ಪುಟ್ಟ ಕಾರಿನಲ್ಲಿ ಇದ್ದದ್ದು ಒಂದೇ ಲಿವರು.

ವರ್ಷದ ದಿನ ಬಂತು. ಹೊತ್ತು ನೆತ್ತಿಗೇರುವ ಮೊದಲು ಎಡೆ ಹಿಡಿಯಬೇಕು. ಹೋಳಿಗೆ, ಬದನೇಕಾಯಿ ಪಲ್ಯ, ಅನಾನಸ್ ಶಿರಾ, ಒಂದು ತಂಬಿಗೆ ಹಾಲು. ಬಸಪ್ಪ ಇಸ್ತ್ರಿ ಮಾಡಿದ ಬಿಳೀ ಧೋತರ ಉಟ್ಟು ಬಂದ.

"ಅಯ್ಯಾರ, ಮುಂದ ಕೂಡ್ರಿ" ಎಂದಳು.

"ಬ್ಯಾಡ ಯವ್ವಾ. ಮುಂದ ಕುಂತವ್ರು ಮೊದಲು ಹೋಗ್ತಾರ" ಎಂದು ಅಯ್ಯನವರು ಎಡೆಯ ಬುಟ್ಟಿ, ಹಾಲಿನ ತಂಬಿಗೆ ಅಪ್ಪಿಕೊಂಡು ಹಿಂದೆ ಕೂತರು. ಬಸಪ್ಪ ಮುಂದೆ, ಎಡಗಡೆ ಕೂತ. ಅದು ಅನ್ನಪೂರ್ಣವ್ವನ ಸೀಟು. ಅವಳು ಒಮ್ಮೆ ನೋಡಿ, ಕೀಲಿ ತಿರುಗಿಸಿದಳು.

ಹೋಯಿತು ನೋಡಿ ಸವಾರಿ! ಊರ ಮುಂದೆ ಹಾರ್ನು ಹೊಡೆದಳು. ಬಾವಿಕಟ್ಟೆಯ ಹೆಂಗಸರು ಕೊಡ ಕೆಳಗಿಟ್ಟು ನೋಡಿದರು. ಗಂಡ ಸತ್ತವಳು ಹೀಗೆ ಮೆರೆಯುತ್ತಾಳೆ ಎಂದು ನಾಲ್ಕು ದಿನಕ್ಕೆ ಸಾಕಾಗುವಷ್ಟು ಮಾತು ಅವರಿಗೆ ಸಿಕ್ಕಿತು. ಸಿಗಲಿ. ಅನಾನಸ್ ಹೊಲದ ಬದುವಿನ ಮೇಲೂ ಗಾಡಿ ಕುಣಿಯುತ್ತ ಹೋಯಿತು. ಬಸಪ್ಪನ ಮುಖ ಸಣ್ಣದಾಗುತ್ತ ಬಂತು.

"ಏನಂತಿ ಬಸಪ್ಪ?"

"ಮುಂದ ಹಳ್ಳ ಐತಿ ವೈನಿ."

ಹಳ್ಳದಲ್ಲಿ ನೀರಿರಲಿಲ್ಲ. ನೀರಿದ್ದರೆ ಚೆನ್ನಾಗಿತ್ತು. ಇದ್ದದ್ದು ಎಮ್ಮೆ ಹೊರಳಾಡಿ ಹದ ಮಾಡಿದ ಕೆಸರು. ಗಾಡಿ ಅರ್ಧ ಹೋಯಿತು, ನಿಂತಿತು. ಹಿಂದಿನ ಗಾಲಿ ಗಿರ್ರನೆ ತಿರುಗಿ ಕೆಸರು ಕಡೆಯತೊಡಗಿದವು.

ಅನ್ನಪೂರ್ಣವ್ವ ಹೆದರಲಿಲ್ಲ. ಸಣ್ಣ ಲಿವರು ಇದೆಯಲ್ಲ! ಗಂಡ ಬದುಕಿದ್ದಾಗ ಮುಟ್ಟಗೊಟ್ಟಿರಲಿಲ್ಲ. "ಅದು ನಾಜೂಕು ಐತಿ, ಕೈ ಹಚ್ಚಬ್ಯಾಡ" ಎನ್ನುತ್ತಿದ್ದ. ಈಗ ಹಚ್ಚಿದಳು. ಎಳೆದಳು. ಒತ್ತಿದಳು. ಇಂಜಿನ್ನು ಆಕಾಶ ಹರಿಯುವ ಹಾಗೆ ಅರಚಿತು. ಗಾಡಿ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

"ನಡುವ ನ್ಯೂಟ್ರಲ್ಲಿಗೆ ಹಾಕೀರಿ ವೈನಿ" ಎಂದ ಬಸಪ್ಪ. ನಗು ಅವನ ಮೀಸೆಯೊಳಗೇ ಇತ್ತು.

ಮತ್ತೆ ಜಗ್ಗಿದಳು. ಲಿವರು ಕಟಕ್ಕೆಂದು ಎಲ್ಲೋ ಕೂತಿತು. ಗಾಡಿ ಒಮ್ಮೆ ಹಾರಿತು. ಗಂಡನ ಸಮಾಧಿಗೆ ಆಗಬೇಕಾದ ಹಾಲಿನ ಅಭಿಷೇಕ ಅಯ್ಯನವರಿಗೇ ಆಯಿತು!

"ಶಿವಶಿವಾ! ನಾ ಇನ್ನೂ ಜೀವಂತ ಅದೇನಿ ಯವ್ವಾ!"

ಹಿಂದಿನ ಗಾಲಿ ಮಾತ್ರ ತಿರುಗಿದವು. ಮುಂದಿನವು ಸುಮ್ಮನೆ ನಿಂತವು. ಆಗ ಅವಳಿಗೆ ನೆನಪಾಯಿತು.

"ಬಸಪ್ಪ, ಇಳಿ. ಮುಂದಿನ ತಿರುಪು ಬಿಗಿ ಮಾಡು."

"ನಾನೇ? ಬಿಳೀ ಧೋತರ ಐತಿ. ಮ್ಯಾಲ ಮಾತೂ ಆಗೇತಿ. ನನ್ನ ಕೈ ತಾಗಬಾರದಲ್ಲ?"

"ಸ್ಟೇರಿಂಗಿಗೆ ಅಂದಿದ್ದಿ!"

"ಗಾಲಿಯೂ ಗಾಡೀದss."

ಅಯ್ಯನವರನ್ನು ಇಳಿಸುವಂತಿಲ್ಲ. ಹಾಲು ಸುರಿಯುತ್ತಿತ್ತು. ಹೊತ್ತು ಏರುತ್ತಿತ್ತು. ಅನ್ನಪೂರ್ಣವ್ವ ಸೀರೆ ಎತ್ತಿ ಕಟ್ಟಿ ತಾನೇ ಇಳಿದಳು. ಕೆಸರು ಮೊಣಕಾಲಿಗೆ ಬಂತು. ಅದೇ ತಣ್ಣಗಿನ ಕೆಸರು, ಅದೇ ವಾಸನೆ. ಬಾಯಿ ತಾನಾಗಿಯೇ ಶುರುವಾಯಿತು. "ಇವರ ಮನಿತನಕ್ಕ ಬೆಂಕಿ ಹತ್ತಲಿ, ಲಗ್ನ ಆಗಿ ಬಂದಾಗಿಂದ ಇದss ಆತು..." ಈ ತಿರುಪು ಬಿಗಿ ಮಾಡಿದಳು. ಬಾನೆಟ್ಟು ಸುತ್ತಿ ಹೋಗಿ ಆ ತಿರುಪು ಬಿಗಿ ಮಾಡಿದಳು. ಕೈ ಎತ್ತಿ ಬಾನೆಟ್ಟಿನ ಮೇಲೆ ಎರಡು ಏಟು ಹೊಡೆದಳು. ಧಡ್, ಧಡ್!

ಹೊಡೆದು, ಬದಿಗೆ ಸರಿದು, ಸೆರಗು ಮುಖಕ್ಕೆ ಅಡ್ಡ ಹಿಡಿದು ನಿಂತಳು.

ಗಾಡಿ ಗರ್ಜಿಸಿತು. ನಾಲ್ಕೂ ಗಾಲಿ ಒಟ್ಟಿಗೆ ಕಚ್ಚಿದವು. ಮೊಣಕಾಲಿನಿಂದ ಹಣೆಯವರೆಗೆ ಕೆಸರು ರಾಚಿತು. ಜಿಪ್ಸಿ ಹಳ್ಳ ಹತ್ತಿ ಆಚೆ ಒಣನೆಲದಲ್ಲಿ ಹೋಗಿ ನಿಂತಿತು. ಎಲ್ಲಿ ನಿಲ್ಲಬೇಕೋ ಅಲ್ಲೇ.

ಅನ್ನಪೂರ್ಣವ್ವ ಪಚಕ್ ಪಚಕ್ ಎಂದು ನಡೆದಳು. ಮುಖ ಒರೆಸಿಕೊಳ್ಳುತ್ತ ನಡೆದಳು. ವರ್ಷದಿಂದ ಬಾಯಲ್ಲಿ ಕಟ್ಟಿಟ್ಟಿದ್ದ ಬೈಗುಳವೆಲ್ಲ ಒಟ್ಟಿಗೆ ಬಂದಿತ್ತು. ಯಾವುದನ್ನು ಮೊದಲು ಬಿಡಲಿ ಎಂದು ಆರಿಸುತ್ತ ಕಿಟಕಿಯ ಹತ್ತಿರ ಬಂದಳು.

"ಆರು ಅನ್ನ್ರಿ..." ಎಂದಳು.

"ಏನು ಆರು? ಹೆಂಗ ಹೊಡದೆ ನೋಡಿದ್ರೇನು ವೈನಿ?" ಎಂದಿತು ಬಸಪ್ಪನ ಮುಖ. ಸ್ಟೇರಿಂಗಿನ ಹಿಂದಿನಿಂದ.

ಅವಳು ಅಲ್ಲೇ ನಿಂತಳು.

"ನೀ ಯಾಕ ಮುಟ್ಟಿದಿ?" ಎಂದಳು.

"ನಾ ಸುಮ್ಮss ಕುಂತಿದ್ದೆ. ಬಾನೆಟ್ಟು ಬಡದು ಹೋಗು ಅಂದವ್ರು ಯಾರು? ಕೇಳ್ರಿ ಅಯ್ಯಾರ್ನ."

ಅಯ್ಯನವರು ಗಡ್ಡದ ಹಾಲು ಹಿಂಡಿದರು. ಸುಳ್ಳು ಹೇಳಲು ಅವರಿಗೂ ಮನಸ್ಸಿತ್ತು. ಆಗಲಿಲ್ಲ. "ನೀವss ಬಡದ್ರಿ ಯವ್ವಾ. ಬಡದು, ಸರದು ನಿಂತ್ರಿ. ಯಾರೋ ಒಳಗ ಕುಂತಾರ ಅನ್ನೋ ಹಂಗ ನಿಂತ್ರಿ."

ಲಿವರು ಎಳೆದವಳು ಅವಳು. ತಿರುಪು ಬಿಗಿ ಮಾಡಿದವಳು ಅವಳು. ಬಸಪ್ಪ ಒತ್ತಿದ್ದು ಒಂದು ಕಾಲು. ಆದರೂ ಮಾತು ಮಾತೇ. ಕೀಲಿ ಹೋಯಿತು!

ಸಮಾಧಿಯ ಹತ್ತಿರ ಅವಳು ರೂಢಿಯಂತೆ ಗಾಲಿಯ ತಿರುಪು ಸಡಿಲ ಮಾಡಿದಳು. ಒಣನೆಲದಲ್ಲಿ ಬಿಗಿಯಾಗಿಟ್ಟರೆ ಶಿವಲಿಂಗಪ್ಪ ಬೈಯುತ್ತಿದ್ದ. ಎಡೆ ಇಟ್ಟಳು. ಹಾಲಿರಲಿಲ್ಲ. ಕೆಸರಿನ ಕೈಯಿಂದಲೇ ಕೈ ಮುಗಿದಳು. "ಎರಡು ಸಾವಿರದ ಮಾಡೆಲ್ಲಿನ ಮಾತು ಹಂಗss ಉಳಿಸಿ ಹೋದ್ರಿ. ಇಲ್ಲಿ ಕೇಳವ್ರು ಯಾರದಾರ? ಒಬ್ಬರೇ ಹೇಳಿಕೋರಿ" ಎಂದಳು. ಅಯ್ಯನವರು ಮಂತ್ರವನ್ನು ಸ್ವಲ್ಪ ಜೋರು ಮಾಡಿದರು.

ತಿರುಗಿ ಬರುವಾಗ ಬಸಪ್ಪ ಸ್ಟೇರಿಂಗಿನಲ್ಲಿ, ಅನ್ನಪೂರ್ಣವ್ವ ಎಡಗಡೆಯ ತನ್ನ ಹಳೇ ಸೀಟಿನಲ್ಲಿ. ಹಳ್ಳ ಬಂತು. ಬಸಪ್ಪ ಗಾಡಿ ನಿಲ್ಲಿಸಿದ. ಧೋತರ ನೋಡಿಕೊಂಡ.

"ವೈನಿ, ಇಳೀ..."

ಅವನ ಮಾತು ಮುಗಿಯುವ ಮೊದಲೇ ಅವಳ ಕಾಲು ಕೆಸರಿನಲ್ಲಿತ್ತು! ಥೂ, ಈ ಕಾಲಿಗೆ ಮಾನವೇ ಇಲ್ಲ. ಕೈಗೂ ಇಲ್ಲ. ಈ ತಿರುಪು, ಆ ತಿರುಪು ಆಗಲೇ ಬಿಗಿ ಮಾಡಿಬಿಟ್ಟಿತ್ತು. ಬಾನೆಟ್ಟಿನ ಮುಂದೆ ಬಂದಳು. ಕೈ ಎತ್ತಿದಳು.

ಎತ್ತಿದ ಕೈ ಅಲ್ಲೇ ನಿಂತಿತು.

ಒಳಗೆ ಗಾಜಿನ ಹಿಂದೆ ಬಸಪ್ಪ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಕಾಯುತ್ತಿದ್ದ. ಅವಳು ಕೈ ಇಳಿಸಿದಳು. ಸೆರಗಿಗೆ ಒರೆಸಿಕೊಂಡಳು. ಕೆಸರು ದಾಟಿ ಆಚೆ ದಂಡೆಗೆ ಹೋಗಿ, ಒಂದು ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತಳು.

"ವೈನಿ! ತಿರುಪು ಆತೇನು?"

ಅವಳು ಕಲ್ಲಿಗೆ ಕಾಲು ತಿಕ್ಕಿ ಕೆಸರು ಬಿಡಿಸತೊಡಗಿದಳು.

"ಹೋಗೋ ಬಸಪ್ಪ, ಆಗಿರತೈತಿ" ಎಂದರು ಅಯ್ಯನವರು.

"ಹೆಂಗ ಹೋಗ್ಲಿ ಅಯ್ಯಾರ? ಆಗಿರದಿದ್ರ ನಡುವ ಹುಗದು ಕುಂದರತೈತಿ. ವೈನಿ! ಬಡೀರಲಾ! ಎರಡು ಬಡದುಬಿಡ್ರಿ!"

ಕಾಯಲಿ.