ತೆಳುಹಾಳೆಯ ಹಿಂದಿನ ಹೆಣ್ಣುಮಗಳು

ದೇವರ ಮೇಲೆ ಭಾರ ಹಾಕಿ ಬದುಕುವವರಿಗೇ ಇಂಥವು ಹೆಚ್ಚು ಗಂಟುಬೀಳುತ್ತವೋ ಏನೋ. ರಾಯಚೂರಿನ ಕಾಲೇಜೊಂದರ ಗ್ರಂಥಾಲಯದಲ್ಲಿ, ದಿನಾ ಸರಸ್ವತಿ ಪಟಕ್ಕೆ ಊದಿನಕಡ್ಡಿ ಬೆಳಗಿಯೇ ಬೀರು ತೆಗೆಯುವವಳು ನಾನು. ಅಲ್ಲಿನ ಒಂದು ಹಳೇ ಇಂಗ್ಲಿಷ್ ಪುಸ್ತಕ, ಒಳಗೆ ದುರಂತ ನಾಟಕ, ಪದ್ಯ, ನಡುನಡುವೆ ಚಿತ್ರ, ನನ್ನ ಭಕ್ತಿಯನ್ನು ಚೆನ್ನಾಗಿಯೇ ಪರೀಕ್ಷಿಸಿತು.

೧. ರಾಯಚೂರು

ಚಿತ್ರಗಳಲ್ಲೊಂದು ಬಿಳಿಬಟ್ಟೆ ತೊಟ್ಟು, ಕೂದಲು ಬಿಚ್ಚಿ ನಿಂತ ಹೆಣ್ಣುಮಗಳದು. ಅದರ ಮೇಲೆ ಬಟರ್ ಪೇಪರಿನ ತೆಳುಹಾಳೆ. ಕರೆಂಟು ಹೋಗಿ ಫ್ಯಾನು ನಿಂತ ಒಂದು ಮಧ್ಯಾಹ್ನ, ಆ ಹಾಳೆ ಆಕೆಯ ಎದೆಯ ಮೇಲೆ ಮೆಲ್ಲಗೆ ಏಳುತ್ತ ಇಳಿಯುತ್ತ ಇತ್ತು.

"ಮೇಡಮ್ಮೋರ, ಈಕಿ ಉಸರಾಡಾಕತ್ತಾಳ್ರಿ," ಎಂದ ಜವಾನ.

ಕಿಟಕಿ ನೋಡಿದೆ. ಮುಚ್ಚಿತ್ತು. ಶಿವಶಿವಾ ಎಂದು ಪುಸ್ತಕ ಮುಚ್ಚಿದೆ.

ಪ್ರಿನ್ಸಿಪಾಲರಿಗೆ ಹೇಳಿದರೆ, "ಉಸರಾಡಿದ್ರ ಏನ ಬಂತ್ರಿ? ಓದಾವರು ಬೇಕು. ಒಮ್ಮಿ ಒಯ್ದವರು ಎರಡನೇ ಸಲ ಕೇಳಿದ್ರ ಇಡ್ರಿ. ಇಲ್ಲಂದ್ರ ಈ ವರ್ಷ ರದ್ದಿಗೆ ಹಾಕ್ರಿ," ಎಂದರು.

ಸರಸ್ವತಿಯನ್ನು ರದ್ದಿಗೆ ಹಾಕುವ ಪಾಪ ನನ್ನ ಕೈಯಿಂದ ಬೇಡ ತಾಯಿ ಎಂದು ಪಟಕ್ಕೆ ಕೈಮುಗಿದೆ. ಪಕ್ಕದಲ್ಲಿ ಜವಾನನೂ ಕೈಮುಗಿದ, ರದ್ದಿಯವನು ಲಗೂನ ಬರಲಿ ಎಂದು.

೨. ದೇವದುರ್ಗ

ಮೊದಲು ಒಯ್ದವರು ದೇವದುರ್ಗದಿಂದ ಬಂದುಹೋಗುವ ಇಂಗ್ಲಿಷ್ ಮಾಸ್ತರು. ಮೂರೇ ದಿನಕ್ಕೆ ಸೀನುತ್ತ ತಂದಿಟ್ಟರು.

"ಯವ್ವಗ ಈ ನಾಟಕದ ಕತಿ ಕನ್ನಡದಾಗ ಹೇಳಾಕತ್ತಿದ್ನಿ. ಸತ್ತ ಸುದ್ದಿ ಕೇಳಿದ ಮ್ಯಾಲ ಮೈ ತೊಳಕೋಬೇಕಂತ, ಒಬ್ಬೊಬ್ಬರು ಸತ್ತಾಗೂ ನನ್ನ ತಲಿಮ್ಯಾಲ ಒಂದೊಂದು ಕೊಡ ಸುರುವಿದಳ್ರಿ."

"ಎಷ್ಟು ಕೊಡ ಆತ್ರಿ?"

"ಐದು. ಅಲ್ಲಿಗೆ ಮುಗೀತು ಅಂದ್ಕೊಂಡೆ. ಯವ್ವ ಆರನೇ ಕೊಡ ತುಂಬಿಕೊಂಡು ನಿಂತಿದ್ಳು. ಯಾಕಬೇ ಅಂದೆ. 'ಸಾಯಾಕ ಇನ್ನೊಬ್ಬಾಕಿ ಅದಾಳ' ಅಂದ್ಳು. ಪುಟ ತಿರುವಿದ್ರ, ಖರೇನ."

ಅವರ ಯವ್ವನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಪುಸ್ತಕವನ್ನು ಸರಸ್ವತಿ ಪಟದ ಕಡೆ ಸರಿಸಿದೆ. ಆದರೂ ಆಸೆ ಬಿಡದೆ, "ಇನ್ನೊಮ್ಮೆ ಒಯ್ತೀರೇನ್ರಿ ಸರ್?" ಎಂದೆ.

"ಬ್ಯಾಸಿಗ್ಯಾಗ ನೋಡೂಣ್ರಿ," ಎಂದು ಮತ್ತೊಮ್ಮೆ ಸೀನಿದರು.

೩. ಮಾನ್ವಿ

ಆಮೇಲೆ ಮಾನ್ವಿಯ ವಿದ್ಯಾರ್ಥಿನಿಯೊಬ್ಬಳು ಒಯ್ದಳು. ಹಿಂದಿರುಗಿಸಲು ಬಂದದ್ದು ಅವಳ ಅಜ್ಜಿ. ಪುಸ್ತಕವನ್ನು ಕೆಂಪು ಕುಪ್ಪಸದ ಖಣದಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದರೆ ಅಕ್ಕಿ, ಒಣಕೊಬ್ಬರಿ, ಎಲೆ ಅಡಿಕೆ ಮೇಜಿನ ತುಂಬ ಚೆಲ್ಲಿದವು.

"ಏನ್ರಿ ಯವ್ವಾ ಇದು?"

"ಉಡಿ ತುಂಬೀನ್ರಿ. ಪಾಪ, ಕೂದಲಾ ಬಿಚ್ಚಿಕೊಂಡು ಒಬ್ಬಾಕಿನ ನಿಂತಾಳ. ಮನಿಗೆ ಬಂದ ಹೆಣ್ಣಮಗಳನ್ನ ಬರಿಗೈಲೆ ಕಳಸಾಕ ಬರತದೇನು? ಇನ್ನ ಆಕಿ ನಮ್ಮ ಮಗಳಿದ್ದಂಗ. ಪಂಚಮಿಗೆ ತವರಿಗೆ ಕರಕೊಂಡು ಹೋಗಾಕ ಬರ್ತೀನಿ. ಈಗ ಬರದಿಟ್ಟುಕೋರಿ."

ಎರಡನೇ ಸಲ ಕೇಳಿದವರು ಅಂತೂ ಸಿಕ್ಕರು. ಸರಸ್ವತಿಯನ್ನು ನೆನೆದು ರಜಿಸ್ಟರಿನಲ್ಲಿ ಬರೆದೆ. ಅಷ್ಟರಲ್ಲಿ ಬಂದ ಪ್ರಿನ್ಸಿಪಾಲರು ಅಕ್ಕಿ ಒಂದು ಕಡೆ ಸರಿಸಿ ಸಹಿ ಹಾಕಿದರು. ಪುಸ್ತಕ ಉಳಿಯಿತು.

ಅಜ್ಜಿ ಹೊರಟು ನಿಂತಾಗ ಆ ಚಿತ್ರದ ಪುಟ ತೆರೆದೆ. ಹೆಣ್ಣುಮಗಳ ಹಣೆಯಲ್ಲಿ ಕಾಸಗಲ ಕುಂಕುಮ.

"ಯವ್ವಾ, ಗ್ರಂಥಾಲಯದ ಪುಸ್ತಕಕ್ಕ ಕುಂಕಮ ಹಚ್ಚಬಾರದ್ರಿ," ಎಂದೆ ಮೆಲ್ಲಗೆ.

"ಅಷ್ಟೂ ತಿಳಿಯಂಗಿಲ್ಲೇನ್ರಿ ನನಗ? ನಾ ಎಲ್ಲಿ ಹಚ್ಚೀನಿ? ಕುಂಕಮದ ಬಟ್ಟಲ ಮುಂದ ಇಟ್ಟು, ಕೊಬ್ಬರಿ ತರಾಕ ಒಳಗ ಹೋಗಿದ್ನಿ," ಎಂದ ಅಜ್ಜಿ ಚಪ್ಪಲಿ ಮೆಟ್ಟಿಕೊಂಡರು. "ಆಕಿನ ಹಚ್ಚಿಕೊಂಡಾಳ."