ಹುಳ ಮುಟ್ಟದ ಸೊಪ್ಪು

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳಿಬಿಡುತ್ತೇನೆ. ಚಿಕ್ಕಬಳ್ಳಾಪುರದ ನಮ್ಮ ನೆರವು ಬಳಗಕ್ಕೆ ನಾನು ಅಧ್ಯಕ್ಷ. ಹೊಟ್ಟೆಪಾಡಿಗೆ ಪಿಯು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ, ಅದು ಬೇರೆ ವಿಷಯ. ಎಲ್ಲಾದರೂ ಬೆಂಕಿ ಬಿದ್ದರೆ, ಗೋಡೆ ಕುಸಿದರೆ, ಕೆರೆ ಕೋಡಿ ಹರಿದು ಊರಿಗೆ ನೀರು ನುಗ್ಗಿದರೆ, ಹಳದಿ ಜಾಕೆಟ್ ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಹೊರಡುವವರು ನಾವು. ಸೀಟಿ ಯಾಕೆ ಎಂದು ನನ್ನ ಹೆಂಡತಿ ವಿಮಲ ಹಲವು ಸಲ ಕೇಳಿದ್ದಾಳೆ. ಉತ್ತರ ಇನ್ನೂ ಹೊಳೆದಿಲ್ಲ.

ಬಳಗಕ್ಕೆ ನಾನು ಕೊಟ್ಟ ಕೊಡುಗೆಗಳು ಎರಡು. ಒಂದು, ಮುನ್ನೆಚ್ಚರಿಕೆ ಸಂದೇಶ. ಮಳೆ ಜೋರಾದರೆ ಹಳ್ಳಿಗಳ ಮೊಬೈಲ್ ಗುಂಪುಗಳಿಗೆ "ಕೆರೆ ತುಂಬುತ್ತಿದೆ, ತಗ್ಗಿನ ಮನೆಯವರು ಎಚ್ಚರದಿಂದಿರಿ" ಎಂದು ಖುದ್ದಾಗಿ ನಾನೇ ಬರೆದು ಕಳಿಸುತ್ತೇನೆ. ಇನ್ನೊಂದು, ಕಿಟ್. ನಿರಾಶ್ರಿತರಿಗೆ ಎಲ್ಲರೂ ಅಕ್ಕಿ, ಬೇಳೆ ಕೊಡುತ್ತಾರೆ. ಅವರ ಆರೋಗ್ಯ ನೋಡುವವರು ಯಾರು? ಅದಕ್ಕೇ ಊಟದ ಮೇಜಿನ ಮುಂದೆ ಕೂತು ತಲೆ ಓಡಿಸಿ ಒಂದು ಚೀಲ ಸಿದ್ಧಪಡಿಸಿದ್ದೆ. ಸೊಳ್ಳೆ ಬತ್ತಿ, ಫಿನಾಯಿಲ್, ನೋವಿನ ಮುಲಾಮು, ಘಮಘಮಿಸುವ ಸೋಪು, ನುಸಿ ಗುಳಿಗೆ ಇಟ್ಟು ಜೋಪಾನ ಮಾಡಿದ ಹೊದಿಕೆ. ಜತೆಗೆ, ಮನಸ್ಸಿಗೂ ನೆಮ್ಮದಿ ಬೇಕಲ್ಲ ಎಂದು ಒಂದು ಪೊಟ್ಟಣ ಊದುಬತ್ತಿ.

ಈ ಕಿಟ್‌ಗೆ ಇಡೀ ಶಿಡ್ಲಘಟ್ಟ ಸೀಮೆಯಲ್ಲಿ ಒಂದೇ ಒಂದು ದೋಷವಿತ್ತು. ಅದು ನನಗೆ ಗೊತ್ತಿರಲಿಲ್ಲ.

ಆ ಸಲ ಮಳೆ ಹಿಡಿದದ್ದು ಬಿಡಲಿಲ್ಲ. ಶಿಡ್ಲಘಟ್ಟದ ಆಚೆಯ ಒಂದು ಹಳ್ಳಿಯಲ್ಲಿ ಕೆರೆ ಕೋಡಿ ಹರಿದು ಕೆಳಗಿನ ಬೀದಿಗೆ ನೀರು ನುಗ್ಗಿತು. ನಾವು ಟೆಂಪೋ ಮಾಡಿಕೊಂಡು ಹೊರಟೆವು. ಹೊರಡುವಾಗ ವಿಮಲ ಗೇಟಿನವರೆಗೂ ಬಂದಳು. ಅವಳ ತವರು ಅದೇ ಕಡೆ. "ಅಲ್ಲಿ ಮನೆಮನೇಲೂ ರೇಷ್ಮೆ ಹುಳ ಇರ್ತವೆ ಕಣ್ರೀ. ಏನಾದ್ರೂ ಹಚ್ಚೋಕ್ ಮುಂಚೆ ಅಲ್ಲಿಯವರನ್ನ ಒಂದು ಮಾತು ಕೇಳಿ" ಎಂದಳು. ಜನರ ಪ್ರಾಣದ ಪ್ರಶ್ನೆ ಇರುವಾಗ ಹುಳದ ಮಾತೇಕೆ ಎಂದು ನಾನು ಸೀಟಿ ಊದಿದೆ. ಟೆಂಪೋ ಹೊರಟಿತು. ಸೀಟಿಯಿಂದ ಆದ ಪ್ರಯೋಜನ ಅದೊಂದೇ.

ನಾವು ಮುಟ್ಟುವ ಹೊತ್ತಿಗೆ ಕೆಳಗಿನ ಬೀದಿಯವರೆಲ್ಲ ದಿಬ್ಬದ ಮೇಲಿನ ಶಾಲೆ ಸೇರಿದ್ದರು. ಒಬ್ಬಾಕೆ ಮಾತ್ರ ಮನೆ ಬಿಟ್ಟು ಬಂದಿರಲಿಲ್ಲ. ಹೆಸರು ಮುನಿರತ್ನಮ್ಮ. ಮಂಡಿಯುದ್ದ ನೀರು ದಾಟಿ ಹೋಗಿ ನೋಡಿದರೆ, ಆಕೆ ಹೊಸಿಲಿಗೆ ಅಡ್ಡಲಾಗಿ ಮಣ್ಣಿನ ಚೀಲ ಇಟ್ಟುಕೊಂಡು ಚೊಂಬಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಹಿಂದೆ ಒಂದೇ ಕೋಣೆ. ಅದರ ತುಂಬ ಬಿದಿರಿನ ತಟ್ಟೆಗಳು. ತಟ್ಟೆ ತುಂಬ ಬೆರಳುದ್ದದ ಬಿಳಿ ಹುಳುಗಳು, ಮಳೆಗೂ ತಮಗೂ ಸಂಬಂಧವೇ ಇಲ್ಲ ಎಂಬಂತೆ ಸೊಪ್ಪು ಮೇಯುತ್ತಿದ್ದವು.

"ಇನ್ನೇನು ಹಣ್ಣಾಗೋ ಹುಳ. ಗೂಡು ಕಟ್ಟೋ ಟೈಮು. ಇದನ್ನ ಬಿಟ್ಟು ನಾನೆಲ್ಲಿಗೂ ಬರಲ್ಲ ಸಾರ್" ಎಂದಳು.

ಆಕೆಯ ಅತ್ತೆ ಶಾಲೆಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ವಿಷಯ ತಿಳಿಸಿದ್ದರು. ಮನೆಗಿರುವುದು ಒಂದೇ ಕೋಣೆ. ವರ್ಷದಲ್ಲಿ ಹೆಚ್ಚು ದಿನ ಅದರಲ್ಲಿ ಹುಳುಗಳ ಸಂಸಾರ. ಮುನಿರತ್ನಮ್ಮ, ಆಗ ಕೂಲಿಗೆಂದು ಬೇರೆ ಊರಿಗೆ ಹೋಗಿದ್ದ ಗಂಡ, ಅತ್ತೆ, ಮಗಳು ಜಗುಲಿಯಲ್ಲಿ ಮಲಗುತ್ತಾರೆ. ಚಳಿಯೋ ಮಳೆಯೋ ಜಗುಲಿಯೇ. ಈ ಬೆಳೆ ಕೈಗೆ ಬಂದರೆ ಹಿತ್ತಲಲ್ಲಿ ತಗಡು ಹೊದಿಸಿ ಹುಳುಗಳಿಗೆ ಬೇರೆ ಮನೆ ಕಟ್ಟಬೇಕು, ತಾವು ಒಳಗೆ ಮಲಗಬೇಕು, ಇಷ್ಟೇ ಆಕೆಯ ಲೆಕ್ಕ. ಗೋಡೆ ಆಗಲೇ ಸೊಂಟದವರೆಗೆ ಎದ್ದಿತ್ತು.

ಆಗ ನನ್ನೊಳಗಿನ ಅಧ್ಯಕ್ಷ ಎದ್ದು ನಿಂತ. "ಹುಳುಗಳನ್ನೂ ಸ್ಥಳಾಂತರಿಸತಕ್ಕದ್ದು" ಎಂದು ಆಜ್ಞೆ ಮಾಡಿದೆ. ಹಳದಿ ಜಾಕೆಟ್ಟಿನವರು ಸಾಲಾಗಿ ತಟ್ಟೆಗಳನ್ನು ತಲೆಯ ಮೇಲೆ ಹೊತ್ತರು. ಮೇಲೆ ಪ್ಲಾಸ್ಟಿಕ್ ಹಾಳೆ ಹಿಡಿದರು. ಒಂದು ಹುಳುವೂ ನೀರಿಗೆ ಬೀಳದಂತೆ ಶಾಲೆಯ ಮೂಲೆಯ ಕೊಠಡಿ ಮುಟ್ಟಿಸಿದೆವು. ಮುನಿರತ್ನಮ್ಮ ಕೈ ಮುಗಿದಳು. ನನ್ನ ಕಣ್ಣು ಒದ್ದೆಯಾಯಿತು. ಬದುಕಿನಲ್ಲಿ ಇಷ್ಟು ದೊಡ್ಡ ಕೆಲಸ ನಾನು ಮಾಡಿರಲೇ ಇಲ್ಲ. ಅಲ್ಲಿಂದಲೇ ಮನೆಗೆ ಹಿಂತಿರುಗಿದ್ದರೆ ಇಂದು ನನ್ನನ್ನು ಆ ಊರಿನಲ್ಲಿ ದೇವರೆಂದು ಕರೆಯುತ್ತಿದ್ದರು.

ಹಿಂತಿರುಗಲಿಲ್ಲ. ಕಿಟ್ ಹಂಚಬೇಕಿತ್ತಲ್ಲ.

ಸಂಜೆ ಸೊಳ್ಳೆ ಶುರುವಾಯಿತು. ಜನ ಕಿಟ್ ಬಿಚ್ಚಿದರು. ಬಳಗದ ಹುಡುಗರು ಉತ್ಸಾಹದಿಂದ ವರಾಂಡದ ಉದ್ದಕ್ಕೂ ಸೊಳ್ಳೆ ಬತ್ತಿ ಹಚ್ಚಿಟ್ಟರು. ನಾನು ಕೈಯಾರೆ ಊದುಬತ್ತಿ ಹಚ್ಚಿ ಸರಸ್ವತಿಯ ಪಟಕ್ಕೆ ಬೆಳಗಿದೆ. ಹೊಗೆ ಮೆಲ್ಲಗೆ ಮೂಲೆ ಕೊಠಡಿಯ ಕಡೆಗೇ ಹೊರಟಿತು. ಮುನಿರತ್ನಮ್ಮ ಓಡಿ ಬಂದು ನನ್ನ ಕೈಯಿಂದಲೇ ಊದುಬತ್ತಿ ಕಿತ್ತುಕೊಂಡು ಬಕೆಟ್ಟಿಗೆ ಅದ್ದಿದಳು. "ಹುಳ ಸತ್ತೋಗ್ತವೆ ಸಾರ್. ಈ ವಾಸ್ನೆ ಯಾವ್ದೂ ಆಗಲ್ಲ ಅವಕ್ಕೆ."

ವಿಮಲಳಿಗೆ ಫೋನು ಮಾಡಿದೆ. ಸೊಳ್ಳೆ ಬತ್ತಿ ಆಗುವುದಿಲ್ಲವಂತೆ. ಊದುಬತ್ತಿಯೂ ಆಗುವುದಿಲ್ಲವಂತೆ. ಫಿನಾಯಿಲ್, ಮುಲಾಮು, ನುಸಿ ಗುಳಿಗೆ, ಘಮದ ಸೋಪು, ಸೆಂಟು, ಯಾವುದೂ ಹುಳದ ಹತ್ತಿರ ಸುಳಿಯಬಾರದಂತೆ. ನನ್ನ ಚೀಲದಲ್ಲಿದ್ದ ವಸ್ತುಗಳನ್ನು ಒಂದೂ ಬಿಡದೆ ಅವಳು ಹೇಳಿ ಮುಗಿಸಿದಳು. ಕಿಟ್ ನಾನು ಸಿದ್ಧಪಡಿಸಿದ್ದು ನಿರಾಶ್ರಿತರಿಗೆ, ಆದರೆ ಅದು ಹೇಳಿ ಮಾಡಿಸಿದಂತಿದ್ದದ್ದು ರೇಷ್ಮೆ ಹುಳುಗಳ ಸಾಮೂಹಿಕ ಸಂಹಾರಕ್ಕೆ.

ದೇವರ ದಯೆ, ಆ ಸಂಜೆ ಹುಳುಗಳಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಜ್ಞಾನೋದಯವಾಯಿತು. ಹೊಸದಾಗಿ ಜ್ಞಾನ ಬಂದವನಷ್ಟು ಅಪಾಯಕಾರಿ ಪ್ರಾಣಿ ಇನ್ನೊಂದಿಲ್ಲ. ಮರುದಿನ ಬೆಳಗ್ಗೆಯಿಂದ ನಾನು ಶಾಲೆಯ ಬಾಗಿಲಲ್ಲಿ ನಿಂತು ಒಳಗೆ ಬರುವ ಪ್ರತಿಯೊಬ್ಬರನ್ನೂ ಮೂಸತೊಡಗಿದೆ. ಬೀಡಿ ಸೇದುವ ಅಜ್ಜನನ್ನು ಬೇವಿನ ಮರದ ಕೆಳಗೆ ಗಡೀಪಾರು ಮಾಡಿದೆ. ಸೊಂಟ ಹಿಡಿದುಕೊಂಡಿದ್ದ ಮುದುಕಿಗೆ ಮುಲಾಮು ಹಚ್ಚಲು ಬಿಡಲಿಲ್ಲ. ಆಕೆ ನರಳುತ್ತಿದ್ದರೆ, ಹುಳುಗಳ ಹಿತದೃಷ್ಟಿಯಿಂದ ಸಹಿಸಿಕೊಳ್ಳಿ ಎಂದು ವಿನಂತಿಸಿದೆ. ಊರ ಹಿರಿಯರೊಬ್ಬರು ಇಸ್ತ್ರಿ ಅಂಗಿಗೆ ಸೆಂಟು ಹಾಕಿಕೊಂಡು ಸಂತ್ರಸ್ತರ ಯೋಗಕ್ಷೇಮ ವಿಚಾರಿಸಲು ಬಂದರು. ಅವರನ್ನೂ ಗೇಟಿನಿಂದಲೇ ವಾಪಸ್ಸು ಕಳಿಸಿದೆ. ಇಡೀ ಊರು ನನ್ನನ್ನು ಶಪಿಸುತ್ತಿತ್ತು. ಮುನಿರತ್ನಮ್ಮ ಒಬ್ಬಳು ಹರಸುತ್ತಿದ್ದಳು. ಅಷ್ಟು ಸಾಕಿತ್ತು ನನಗೆ.

ಮಧ್ಯಾಹ್ನದ ಹೊತ್ತಿಗೆ ಸೊಪ್ಪು ಮುಗಿಯಿತು.

ಹಣ್ಣಾಗುವ ಮುಂಚಿನ ಹುಳು ಎಷ್ಟು ತಿನ್ನುತ್ತದೆ ಎಂದು ನೋಡಿದವರಿಗೇ ಗೊತ್ತು. ಮುನಿರತ್ನಮ್ಮನ ಹಿಪ್ಪುನೇರಳೆ ತೋಟ ನೀರಿನಲ್ಲಿ ಮುಳುಗಿತ್ತು. ಅಕ್ಕಪಕ್ಕದವರ ಸೊಪ್ಪೆಲ್ಲ ಒದ್ದೆ, ಕೆಸರು. ಒದ್ದೆ ಸೊಪ್ಪು ಹಾಕಿದರೆ ಹುಳುವಿಗೆ ರೋಗ. ಒಂದೆರಡು ದಿನ ಸೊಪ್ಪು ಸಿಕ್ಕಿಬಿಟ್ಟರೆ ಹುಳು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ ಏರುತ್ತದೆ, ಆಮೇಲೆ ಚಿಂತೆಯಿಲ್ಲ ಎಂದಳು. ಹುಳುಗಳು ಖಾಲಿ ತಟ್ಟೆಯಲ್ಲಿ ತಲೆ ಎತ್ತಿ ಅತ್ತಿತ್ತ ಹುಡುಕುತ್ತಿದ್ದವು. ನೋಡಲಾಗಲಿಲ್ಲ.

"ನಾನು ತರ್ತೀನಮ್ಮ" ಎಂದೆ. ಈ ಎರಡು ಪದಗಳನ್ನು ಈಗಲೂ ನಿದ್ದೆಯಲ್ಲಿ ಗೊಣಗುತ್ತೇನಂತೆ.

ನಮ್ಮ ಬಳಗದ ಖಜಾಂಚಿ ಗಂಗಾಧರಪ್ಪನವರದು ಚಿಕ್ಕಬಳ್ಳಾಪುರದ ಹತ್ತಿರ ದ್ರಾಕ್ಷಿ ತೋಟ. ಪಕ್ಕದಲ್ಲಿ ಒಂದಿಷ್ಟು ಹಿಪ್ಪುನೇರಳೆ. ಅತ್ತ ಮಳೆ ಅಷ್ಟಿರಲಿಲ್ಲ. ಫೋನು ಮಾಡಿದೆ. ಅವರು ಮದುವೆಯೊಂದರ ಊಟದ ಪಂಕ್ತಿಯಲ್ಲಿದ್ದರು. ಹಿಂದೆ ಓಲಗ ಮೊಳಗುತ್ತಿತ್ತು. ಧಾರಾಳವಾಗಿ ಕೊಯ್ದುಕೊಳ್ಳಿ, ಆದರೆ ಆ ಕಡೆ ತುದಿಯಲ್ಲಿ, ಬಾವಿಯ ಹತ್ತಿರದ್ದನ್ನೇ ಕೊಯ್ದುಕೊಳ್ಳಿ ಎಂದರು. ಇನ್ನೂ ಏನೋ ಹೇಳುವವರಿದ್ದರು. ಪಾಪ, ಊಟ ಮಾಡಲಿ ಎಂದು ನಾನೇ ಫೋನಿಟ್ಟೆ.

ಟೆಂಪೋ ತೋಟಕ್ಕೆ ಹೋಯಿತು. ಬಾವಿಯ ಹತ್ತಿರದ ಸೊಪ್ಪು ನೋಡಿದರೆ ಅಲ್ಲೊಂದು ತೂತು, ಇಲ್ಲೊಂದು ಹರುಕು. ಮಿಡತೆ ತಿಂದದ್ದು, ಜೇಡ ಬಲೆ ಕಟ್ಟಿದ್ದು. ಛೆ! ಪಾಪದ ಹುಳುಗಳಿಗೆ ಎಂಜಲು ಸೊಪ್ಪು ಕೊಡುವುದೇ? ದ್ರಾಕ್ಷಿ ಚಪ್ಪರಕ್ಕೆ ತಾಗಿಕೊಂಡಂತಿದ್ದ ಸಾಲುಗಳು ಹೇಗಿದ್ದವು ಎನ್ನುತ್ತೀರಿ! ಹಚ್ಚ ಹಸಿರು. ನಳನಳ. ಒಂದೇ ಒಂದು ಎಲೆಗೆ ತೂತಿಲ್ಲ. ಒಂದು ಇರುವೆಯೂ ಹತ್ತಿರ ಸುಳಿದಿಲ್ಲ. ಆಳುಗಳನ್ನು ಕರೆದು, ನಾನೇ ಮುಂದೆ ನಿಂತು, ಅದನ್ನೇ ಕೊಯ್ಯಿಸಿದೆ. ಟೆಂಪೋ ತುಂಬ ಸೊಪ್ಪು ಹೇರಿಕೊಂಡು ಬರುವಾಗ ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಸನ್ಮಾನದ ಭಾಷಣ ನಡೆಯುತ್ತಿತ್ತು.

ಮುನಿರತ್ನಮ್ಮ ಒಂದು ಎಲೆ ಮೂಸಿದಳು. "ಎಲ್ಲಿಯದು ಸಾರ್? ಔಷ್ಧಿ ಹೊಡೆದಿಲ್ಲ ತಾನೆ?"

"ನಮ್ಮ ಖಜಾಂಚಿಯವರದ್ದೇ ತೋಟಮ್ಮ. ನಾನೇ ನಿಂತು ಆರಿಸಿ ಕೊಯ್ಸಿದ್ದು. ನೋಡಿ, ಒಂದು ಹುಳ ಮುಟ್ಟಿಲ್ಲ ಈ ಸೊಪ್ಪನ್ನ."

ಈ ಮಾತನ್ನು ನಾನು ಹೆಮ್ಮೆಯಿಂದ ಹೇಳಿದೆ. ದೊಡ್ಡ ದನಿಯಲ್ಲಿ ಹೇಳಿದೆ. ಹುಳುಗಳ ಮುಂದೆಯೇ ನಿಂತು ಹೇಳಿದೆ.

ಆಕೆಯ ಮುಖದಲ್ಲಿ ಅನುಮಾನ ಸುಳಿಯಿತು. ಒಂದು ತಟ್ಟೆಗೆ ಮಾತ್ರ ಹಾಕಿ ಸ್ವಲ್ಪ ಹೊತ್ತು ನೋಡೋಣ ಎಂದಳು. ಹಸಿದ ಜೀವಿಗಳನ್ನು ಕಾಯಿಸುವುದು ಬಳಗದ ಧ್ಯೇಯಕ್ಕೆ ವಿರುದ್ಧ ಎಂದು ನಾನು ಹೇಳುವಷ್ಟರಲ್ಲಿ ಹಳದಿ ಜಾಕೆಟ್ಟುಗಳು ಎಲ್ಲ ತಟ್ಟೆಗಳಿಗೂ ಸೊಪ್ಪು ಸುರಿದಾಗಿತ್ತು. ಸಾವಿರಾರು ಪುಟ್ಟ ಬಾಯಿಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಹನಿಸಿದಂತೆ ಕೇಳಿಸಿತು. ಆಕೆಯೂ ಸುಮ್ಮನಾದಳು. ಅಧ್ಯಕ್ಷರ ಮಾತಿಗೆ ಎದುರಾಡುವುದು ಹೇಗೆ ಎಂದುಕೊಂಡಿರಬೇಕು. ನಿನ್ನೆ ತಾನೇ ಹುಳುಗಳನ್ನು ತಲೆಯ ಮೇಲೆ ಹೊತ್ತು ತಂದವನಲ್ಲವೇ ನಾನು.

ಹೊತ್ತು ಇಳಿಯುವ ಮುಂಚೆಯೇ ಸದ್ದು ನಿಂತಿತು. ಹೊಟ್ಟೆ ತುಂಬಿರಬೇಕು ಎಂದು ನಾನು ಸಂತೃಪ್ತಿಯಿಂದ ಚಹಾ ಕುಡಿಯುತ್ತಿದ್ದೆ. ಗಂಗಾಧರಪ್ಪನವರ ಫೋನು ಬಂತು. ಮದುವೆಯಿಂದ ತೋಟಕ್ಕೆ ಹೋಗಿ ಖಾಲಿಯಾದ ಸಾಲು ನೋಡಿದ್ದರು.

"ಮೇಷ್ಟ್ರೇ, ದ್ರಾಕ್ಷಿ ಪಕ್ಕದ್ದು ಯಾಕೆ ಕೊಯ್ದ್ರಿ? ನಿನ್ನೆ ಮಳೆ ಬಿಟ್ಟ ಮೇಲೆ ದ್ರಾಕ್ಷಿಗೆ ಔಷ್ಧಿ ಹೊಡ್ಸಿದ್ದೀನಿ. ಎಲ್ಲಾ ಹಾರಿ ಅದ್ರ ಮೇಲೇ ಕೂತಿರುತ್ತೆ. ಅದ್ಕೇ ಬಾವಿ ಹತ್ರ ಅಂದಿದ್ದು. ಹಾಕ್ಬಿಟ್ರಾ?"

ಫೋನು ಕಿವಿಗಿಟ್ಟುಕೊಂಡೇ ಕೊಠಡಿಯ ಕಡೆ ನಡೆದೆ. ಹುಳುಗಳು ತಲೆ ಆಡಿಸುತ್ತಿದ್ದವು. ಹಸಿರು ರಸ ಕಾರುತ್ತಿದ್ದವು. ಕೆಲವು ಆಗಲೇ ಕುಗ್ಗಿ ಚಿಕ್ಕದಾಗಿ ಸುಮ್ಮನೆ ಬಿದ್ದಿದ್ದವು. ಮುನಿರತ್ನಮ್ಮ ತಟ್ಟೆಯಿಂದ ತಟ್ಟೆಗೆ ಓಡುತ್ತಾ ಸೊಪ್ಪನ್ನು ಎರಡೂ ಕೈಯಿಂದ ಬಾಚಿ ನೆಲಕ್ಕೆ ಎಸೆಯುತ್ತಿದ್ದಳು. ನಾನೂ ಬಾಚಿದೆ. ಬಳಗದವರೆಲ್ಲ ಬಾಚಿದರು. ಏನೂ ಪ್ರಯೋಜನವಿರಲಿಲ್ಲ. ಕೊನೆಗೆ ಆಕೆ ಬಾಚುವುದನ್ನು ನಿಲ್ಲಿಸಿ ಗೋಡೆಗೆ ಒರಗಿ ಕೂತಳು. ಸೊಂಟ ನೋವಿನ ನೆರೆಮನೆ ಮುದುಕಿ, ನಾನು ಮುಲಾಮು ಹಚ್ಚಲು ಬಿಡದಿದ್ದಾಕೆ, ಕುಂಟುತ್ತಾ ಬಂದು ಪಕ್ಕದಲ್ಲಿ ಕೂತಳು. ಅತ್ತೆ "ಪೋನೀಲೇಮ್ಮಾ, ಪೋನೀಲೇ" ಎಂದು, ಹೋಗಲಿ ಬಿಡಮ್ಮ ಎಂದು, ಸೊಸೆಯ ತಲೆ ಸವರಿದರು.

ಅಂದು ನನಗೆ ಯಾರಾದರೂ ಎರಡು ಬಿಗಿದಿದ್ದರೆ ಉಪಕಾರವಾಗುತ್ತಿತ್ತು. ಆ ಊರಿನವರು ಅಷ್ಟೂ ಮಾಡಲಿಲ್ಲ. ನನ್ನನ್ನು ಬಿಟ್ಟು ಅಳುವವಳ ಸುತ್ತ ಕೂತರು. ಹೊಗೆಯಲ್ಲೂ ಬದುಕಿದ, ನೆರೆಯಲ್ಲೂ ಬದುಕಿದ ಜೀವಗಳು ನನ್ನ ಸಹಾಯಕ್ಕೆ ಸತ್ತಿದ್ದವು.

ನೀರು ಇಳಿಯಿತು. ನಷ್ಟ ಬರೆದುಕೊಳ್ಳಲು ಬಂದ ಸರ್ಕಾರದವರು ಬೀದಿಯ ಎಲ್ಲರ ನಷ್ಟವನ್ನೂ ಬರೆದುಕೊಂಡರು. ಮುನಿರತ್ನಮ್ಮನ ಸರದಿ ಬಂದಾಗ ಪಾಪ, ಅವರಿಗೇ ಸಂಕಟವಾಯಿತು. ಹುಳ ಮಳೆಯಿಂದ ಸತ್ತವೇ ಎಂದು ಕೇಳಿದರು. ಇಲ್ಲ. ಮನೆ ಕುಸಿಯಿತೇ? ಇಲ್ಲ. ಮತ್ತೆ ಹೇಗೆ? ಎಲ್ಲರೂ ನನ್ನ ಕಡೆ ನೋಡಿದರು. ನನ್ನಂಥ ವಿಕೋಪಕ್ಕೆ ಪರಿಹಾರ ಇನ್ನೂ ಮಂಜೂರಾಗಿಲ್ಲವಂತೆ.

ಬಳಗದ ಸಭೆಯಲ್ಲಿ ನಾನು ರಾಜೀನಾಮೆ ಕೊಟ್ಟೆ. ಬೇರೆ ಯಾರೂ ಆ ಜಾಗಕ್ಕೆ ಬರಲು ಒಪ್ಪದೆ ಅದೂ ತಿರಸ್ಕೃತವಾಯಿತು. ಮುನಿರತ್ನಮ್ಮನ ಹುಳದ ಮನೆಗೆ ತಗಡು, ಮರ ಎಲ್ಲ ನಾವೇ ಹೊಂದಿಸುವುದು ಎಂದು ತೀರ್ಮಾನಿಸಿ, ಈ ಸುದ್ದಿ ಹೇಳಲು ವಿಮಲಳನ್ನು ಜತೆಗೆ ಕರೆದುಕೊಂಡು ಹೋದೆ. ಒಬ್ಬನೇ ಹೋಗುವ ಧೈರ್ಯ ಇರಲಿಲ್ಲ.

ಮುನಿರತ್ನಮ್ಮ ಜಗುಲಿಯಲ್ಲಿ ಚಾಪೆ ಹಾಕಿದಳು. ಒಳಗಿನ ಕೋಣೆ ಖಾಲಿಯಿತ್ತು. ಮಲಗಲು ಜಾಗ ಬೇಕಾದಷ್ಟಿತ್ತು, ಆದರೂ ಅವರಿನ್ನೂ ಹೊರಗೇ ಮಲಗುತ್ತಿದ್ದರಂತೆ. ಒಳಗೆ ಹೋದರೆ ಹುಳ ಮೇಯುವ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎಂದಳು. ನಾನು ಮಜ್ಜಿಗೆಯ ಲೋಟ ಹಿಡಿದು ತಲೆ ತಗ್ಗಿಸಿ ಕೂತೆ. ತಗಡಿನ ವಿಷಯ ವಿಮಲಳೇ ಹೇಳಿದಳು. ಮುನಿರತ್ನಮ್ಮ ಒಪ್ಪಿದಳು. ಬೇರೆ ಏನಾದರೂ ನಮ್ಮಿಂದ ಆಗಬೇಕಾದ್ದಿದ್ದರೆ ಹೇಳಮ್ಮ ಎಂದು ನಾನು ಕೇಳಿದೆ. ಅಭ್ಯಾಸ ಬಲ.

ಆಕೆಯ ದನಿಯಲ್ಲಿ ಕೋಪವಿರಲಿಲ್ಲ, ತಮಾಷೆಯೂ ಇರಲಿಲ್ಲ.

"ಕೆರೆ ತುಂಬ್ದಾಗ ಮೊಬೈಲಿಗೆ ಮೆಸೇಜು ಕಳಿಸ್ತೀರಲ್ಲ ಸಾರ್, ಒಳ್ಳೇದೇ ಅದು. ಹಂಗೇ, ನೀವು ಬರೋಕ್ ಮುಂಚೇನೂ ಒಂದು ಕಳಿಸ್ಬಿಡಿ. ಹುಳ ಎತ್ಕೊಂಡು ಬೇರೆ ಕಡೆ ಹೋಗಿರ್ತೀವಿ."

ಈಗ ಮಳೆ ಹಿಡಿದರೆ ನಾನು ಎರಡು ಸಂದೇಶ ಕಳಿಸುತ್ತೇನೆ. ಮೊದಲನೆಯದು ಕೆರೆಯದು. ಎರಡನೆಯದು, "ಅಧ್ಯಕ್ಷರು ಹೊರಟಿದ್ದಾರೆ, ಹುಳದ ಮನೆಯವರು ಎಚ್ಚರದಿಂದಿರಿ." ಮೊದಲನೆಯದನ್ನು ಅಷ್ಟಾಗಿ ಯಾರೂ ಓದುವುದಿಲ್ಲ. ಎರಡನೆಯದಕ್ಕೆ ಮಾತ್ರ ಹಳ್ಳಿಹಳ್ಳಿಯಿಂದ ಮೆಚ್ಚುಗೆಯ ಹೆಬ್ಬೆರಳು ಬರುತ್ತದೆ. ಎಲ್ಲರಿಗಿಂತ ಮೊದಲು ಬರುವುದು ನನ್ನದೇ ಅಡುಗೆಮನೆಯಿಂದ.