ನಕ್ಷೆಯ ನಟ್ಟನಡುವೆ ‘ಇವಳು’

ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ, ಈ ಮನೆಯಲ್ಲಿ ನನ್ನ ಸ್ಥಾನ ಯಾವುದು ಎಂಬುದು ಒಂದು ಭಾನುವಾರ ಟಿವಿ ಪರದೆಯ ಮೇಲೆ ಬಣ್ಣಬಣ್ಣದಲ್ಲಿ ಪ್ರಕಟವಾಯಿತು. ನಾನು ಒಂದು ಗುಳ್ಳೆ. ಅದೂ ದೊಡ್ಡ ಗುಳ್ಳೆಯಲ್ಲ. ನಡುವೆ ‘ಮನೆ ಬದಲಾವಣೆ’ ಎಂಬ ಮೋಡ. ಮೋಡದಿಂದ ಹೊರಟ ಕೊಂಬೆ ‘ಸಾಮಾನು’. ಆ ಕೊಂಬೆಗೊಂದು ಮರಿಕೊಂಬೆ ‘ಅಡುಗೆಮನೆ’. ಅದರ ತುತ್ತತುದಿಯಲ್ಲಿ, ಮಿಕ್ಸಿಗೂ ಗ್ಯಾಸ್ ಸಿಲಿಂಡರಿಗೂ ನಡುವೆ, ಬಟಾಣಿ ಗಾತ್ರದ ಗುಳ್ಳೆಯೊಳಗೆ ‘ಇವಳು’ ಎಂದು ಬರೆದಿತ್ತು. ಮಿಕ್ಸಿಯ ಪಕ್ಕದಲ್ಲಾದರೂ ಪುಟ್ಟದೊಂದು ಮಿಕ್ಸಿಯ ಚಿತ್ರವಿತ್ತು. ನನಗೆ ಅದೂ ಇಲ್ಲ!

ಮೈ ಉರಿಯುತ್ತದೋ ಇಲ್ಲವೋ ನೀವೇ ಹೇಳಿ.

ಮೊದಲಿನಿಂದ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಸಿಟ್ಟಿನಲ್ಲಿ ಎಲ್ಲ ಹಿಂದುಮುಂದಾದೀತು. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಗ್ಗೆ ಊರಿನವರ ರಕ್ತವನ್ನು ನಾನು ಹೀರುತ್ತೇನೆ, ಸಂಜೆ ನನ್ನ ರಕ್ತವನ್ನು ಮನೆಯವರು ಹೀರುತ್ತಾರೆ. (ನಾನು ಸೂಜಿಯನ್ನಾದರೂ ಬಳಸುತ್ತೇನೆ. ಇವರಿಗೆ ಅದರ ಅಗತ್ಯವೂ ಇಲ್ಲ.) ನಮ್ಮ ಯಜಮಾನರು ಪಂಪು ತಯಾರಿಸುವ ಕಂಪನಿಯೊಂದರ ಉಗ್ರಾಣದಲ್ಲಿ ಮೇಲ್ವಿಚಾರಕರು. ನಟ್ಟು, ಬೋಲ್ಟು, ವಾಷರುಗಳ ನಡುವೆ ತೆಪ್ಪಗೆ ಬಿದ್ದಿದ್ದ ಮನುಷ್ಯನನ್ನು ಕಂಪನಿಯವರು ಸುಮ್ಮನಿರಲಾರದೆ ಒಂದು ತರಬೇತಿಗೆ ಕಳಿಸಿದರು. ವಿಷಯ: ಮೈಂಡ್ ಮ್ಯಾಪ್. ಅಂದರೆ ತಲೆಯಲ್ಲಿರುವುದನ್ನೆಲ್ಲ ಕಂಪ್ಯೂಟರಿನಲ್ಲಿ ಗುಳ್ಳೆ ಮಾಡಿ, ಗೆರೆ ಎಳೆದು, ನಾಲ್ಕು ಜನರ ಮುಂದೆ ಹರಡುವ ವಿದ್ಯೆ. ತಲೆಯಲ್ಲಿ ಏನೂ ಇಲ್ಲದವರಿಗೂ ಈ ವಿದ್ಯೆ ಒಲಿಯುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲೇ ಜೀವಂತ ಸಾಕ್ಷಿಯಿದೆ.

“ನೋಡೇ, ನಮ್ಮ ಮೆದುಳು ಸಾಲುಸಾಲಾಗಿ ಯೋಚನೆ ಮಾಡಲ್ಲ. ಕೊಂಬೆಯಿಂದ ಕೊಂಬೆಗೆ ಹಾರುತ್ತೆ,” ಎಂದರು, ಬಂದ ದಿನವೇ, ಶೂ ಕೂಡ ಬಿಚ್ಚದೆ.

“ಅದು ಮಂಗ ಅಲ್ವೇನ್ರೀ?” ಎಂದೆ.

ಕಿವಿಗೆ ಹಾಕಿಕೊಳ್ಳಲಿಲ್ಲ. ಪರದೆಯ ಮೇಲೆ ಕೊಂಬೆ ಮೂಡುವ ಮೊದಲೇ ಇವರ ತಲೆಯ ಮೇಲೆ ಕೊಂಬು ಮೂಡಿಯಾಗಿತ್ತು. ಅಂದಿನಿಂದ ಸ್ನಾನಕ್ಕೊಂದು ಮ್ಯಾಪು, ತರಕಾರಿಗೊಂದು ಮ್ಯಾಪು. ಕಾಲೇಜಿಗೆ ಹೋಗುವ ಮಗಳು ಅಪ್ಪನನ್ನು ‘ಮ್ಯಾಪ್ಪ’ ಎಂದು ಕರೆಯತೊಡಗಿದಳು. ಅದನ್ನೂ ಅವರು ಬಿರುದು ಎಂದುಕೊಂಡರು.

ಇದೇ ಹೊತ್ತಿಗೆ ನಾವಿದ್ದ ಬಾಡಿಗೆ ಮನೆಯ ಮಾಲೀಕರು, ತಮ್ಮ ಮಗಳ ಸಂಸಾರ ಬರುತ್ತದೆ, ತಿಂಗಳ ಕೊನೆಗೆ ಮನೆ ಬಿಡಿ ಎಂದುಬಿಟ್ಟರು. ಅಲೆದಲೆದು ಕಾಲು ಸವೆಸಿ ನಾನೊಂದು ಮನೆ ಹುಡುಕಿದೆ. ಲ್ಯಾಬಿಗೆ ಹತ್ತಿರ. ಮುಖ್ಯವಾಗಿ, ಅಡುಗೆಮನೆಗೆ ಅಗಲವಾದ ಕಿಟಕಿ. ಹಳೆಯ ಮನೆಯಲ್ಲಿ ನಾನು ಅಷ್ಟು ಕಾಲ ಒಲೆಯ ಮುಂದಿನ ಗೋಡೆಯನ್ನು ನೋಡಿಕೊಂಡು ಬೇಯಿಸಿದ್ದೆ. ಆ ಕಿಟಕಿಯಲ್ಲಿ ಒಂದು ಬೀದಿ, ಒಂದು ಮರ, ಸೈಕಲ್ ರಿಪೇರಿಯವನು, ಬಟ್ಟೆ ಒಣಗಿಸುತ್ತಾ ಜಗಳವಾಡುವ ಇಬ್ಬರು ಹೆಂಗಸರು, ಇಷ್ಟೂ ಕಾಣುತ್ತಿದ್ದವು. ನೋಡಿದ ಕೂಡಲೇ ನನಗೆ ಆ ಮನೆ ಬೇಕೇಬೇಕು ಅನ್ನಿಸಿಬಿಟ್ಟಿತು. ಮನೆಯೊಡತಿ ನಿವೃತ್ತ ಟೀಚರು. “ಭಾನುವಾರ ಸಂಜೆಯೊಳಗೆ ಹೇಳಿಬಿಡಿ, ಇನ್ನೊಬ್ಬರು ಕಾಯ್ತಾ ಇದ್ದಾರೆ,” ಎಂದು ಪಾಠ ಒಪ್ಪಿಸಲು ಗಡುವು ಕೊಟ್ಟಂತೆ ಹೇಳಿದ್ದರು.

ನಾನು ಮೆಟ್ಟಿಲ ಮೇಲೆಯೇ ಹೂಂ ಅನ್ನುತ್ತಿದ್ದೆ. ಯಜಮಾನರು ತಡೆದರು. “ಹಾಗೆಲ್ಲ ಬಾಯಿಮಾತಲ್ಲಿ ತೀರ್ಮಾನ ಮಾಡಬಾರದು. ಎಲ್ಲರೂ ಕೂತು ದೃಶ್ಯರೂಪದಲ್ಲಿ ಚಿಂತನ ಮಾಡೋಣ.”

ಹಾಗೆ ಆ ಭಾನುವಾರ ಮಧ್ಯಾಹ್ನ ಚಿಂತನ ಸಭೆ ಕೂಡಿತು. ಸೋಫಾದ ಮೇಲೆ ಅತ್ತೆ, ನೆಲದ ಮೇಲೆ ಮಗಳು, ಬಾಗಿಲಿಗೊರಗಿ ನಾನು. ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಯಜಮಾನರು ಎದ್ದು ನಿಂತರು.

“ಈಗ ನಾನು ಗಂಡನೂ ಅಲ್ಲ, ಮಗನೂ ಅಲ್ಲ, ಅಪ್ಪನೂ ಅಲ್ಲ. ಬರೀ ನಿರ್ವಾಹಕ. ಇಲ್ಲಿ ಯಾರ ಮಾತನ್ನೂ ತಳ್ಳಿಹಾಕೋ ಹಾಗಿಲ್ಲ. ಪ್ರತಿ ಮಾತೂ ಒಂದು ಕೊಂಬೆ.”

ಅತ್ತೆಗೆ ಇಷ್ಟೇ ಬೇಕಿತ್ತು. “ನನ್ನ ಮಂಚ ಆ ಮನೆ ಬಾಗಿಲಲ್ಲಿ ತೂರುತ್ತೇನೋ?” ಎಂದರು. ‘ಮಂಚ’ ಕೊಂಬೆಯಾಯಿತು. “ಮೆಟ್ಟಿಲು ಹತ್ತೋಕೆ ನನಗೆ ಮಂಡಿ ನೋವು ಕಣೋ.” ‘ಮಂಡಿ’ ಕೊಂಬೆಯಾಯಿತು. ಅದಕ್ಕೆ ‘ಎಡ’, ‘ಬಲ’ ಎಂದು ಎರಡು ಮರಿಗಳು ಹುಟ್ಟಿದವು. ಮಗಳು ತನಗೆ ಬೇರೆ ರೂಮು ಬೇಕು, ಅದಕ್ಕೆ ಒಳಗಿನಿಂದ ಚಿಲಕ ಬೇಕು ಎಂದಳು. “ಚಿಲಕ ಯಾಕೆ?” ಎಂದು ಅತ್ತೆ ಕೆರಳಿದರು. ‘ಚಿಲಕ ಯಾಕೆ?’ ಎಂಬುದೂ ನೇರಳೆ ಬಣ್ಣದ ಕೊಂಬೆಯಾಗಿ, ತನ್ನ ಪ್ರಶ್ನಾರ್ಥಕ ಚಿಹ್ನೆಯ ಸಮೇತ ಪರದೆಯಲ್ಲಿ ನೇತಾಡಿತು. ಟಿವಿ ತುಂಬ ಗುಳ್ಳೆಗಳು. ಇಷ್ಟು ಗುಳ್ಳೆ ಎದ್ದವರು ನಮ್ಮ ಲ್ಯಾಬಿಗೆ ಬಂದಿದ್ದರೆ, ಇದು ಅಂಟುರೋಗ, ಮನೆಯವರೆಲ್ಲ ದೂರವಿರಿ ಎಂದು ಹೇಳಿ ಕಳಿಸುತ್ತಿದ್ದೆವು.

ಹೊರಗೆ ಬಿಸಿಲು ಇಳಿಯುತ್ತಿತ್ತು. ನಾನು ಗಡಿಯಾರ ತೋರಿಸಿದೆ. “ರೀ, ಆ ಟೀಚರಮ್ಮನಿಗೆ ಫೋನ್ ಮಾಡ್ರೀ. ಮನೆ ಕೈತಪ್ಪಿ ಹೋಗುತ್ತೆ.”

ಅವರು ಸಮಾಧಾನದಿಂದ ತಲೆಯಾಡಿಸಿ, ‘ಇವಳ ಆತಂಕ’ ಎಂಬ ಕೊಂಬೆಯನ್ನು ಮೂಡಿಸಿ, ಪಕ್ಕಕ್ಕೊಂದು ಅಳುವ ಮುಖವನ್ನು ಅಂಟಿಸಿದರು.

ಪಿತ್ತ ನೆತ್ತಿಗೇರಿತು. ಆ ‘ಇವಳು’ ಎಲ್ಲಿದ್ದಾಳೆ ಎಂದು ಹುಡುಕಿದಾಗಲೇ ಮಿಕ್ಸಿಯ ಪಕ್ಕದ ಆ ಬಟಾಣಿ ನನ್ನ ಕಣ್ಣಿಗೆ ಬಿದ್ದದ್ದು. ಅತ್ತೆ ‘ಅಮ್ಮ’ ಎಂಬ ಹೆಸರಿನಲ್ಲಿ ಹಸಿರು ಗುಳ್ಳೆಯಾಗಿದ್ದರು. ಇವರು ಮೋಡಕ್ಕೇ ಅಂಟಿಕೊಂಡು ‘ಯಜಮಾನರು’ ಎಂದು ಹೊಳೆಯುತ್ತಿದ್ದರು.

“ಇದೇನ್ರೀ ಇದು? ನಾನು ಸಾಮಾನಾ?”

“ಪ್ರಾಮುಖ್ಯದ ಪ್ರಶ್ನೆ ಅಲ್ಲ ಕಣೇ. ಸಂಬಂಧದ ಪ್ರಶ್ನೆ.”

“ಮಿಕ್ಸಿಗೂ ನನಗೂ ಏನ್ರೀ ಸಂಬಂಧ?”

“ಇಬ್ಬರೂ ಬೆಳಗ್ಗೆ ಎದ್ದ ಕೂಡಲೇ ಸದ್ದು ಮಾಡ್ತೀರಲ್ಲ,” ಎಂದರು ಅತ್ತೆ, ಯಾರನ್ನೂ ಉದ್ದೇಶಿಸದೆ.

ಆಮೇಲೆ ನಾನು ಏನು ಮಾಡಿದೆನೋ ನನಗೇ ಸರಿಯಾಗಿ ಗೊತ್ತಿಲ್ಲ. ಇವರ ಕೈಯಿಂದ ಮೌಸು ಕಿತ್ತುಕೊಂಡೆ. ನನ್ನ ಗುಳ್ಳೆಯನ್ನು ಹಿಡಿದು, ಮಿಕ್ಸಿಯಿಂದ ಬಿಡಿಸಿ, ದರದರನೆ ಎಳೆದು ತಂದು ಆ ಮೋಡದ ನೆತ್ತಿಯ ಮೇಲೆ ಕುಕ್ಕಿದೆ.

“ಅಮ್ಮಾ ಬೇಡ, ಎಲ್ಲಾ ಕಲಸಿಹೋಗುತ್ತೆ!” ಎಂದು ಮಗಳು ಕೂಗಿದಳು.

ಪರದೆ ಒಮ್ಮೆ ನಡುಗಿತು. ಕೊಂಬೆಗಳೆಲ್ಲ ಕಳಚಿ, ಸುತ್ತಿ, ಹೊರಳಿ, ಮತ್ತೆ ಬಂದು ಕೂಡಿಕೊಂಡವು. ಮೋಡ ಮಾಯ! ನಟ್ಟನಡುವೆ ‘ಇವಳು’, ತಟ್ಟೆಯಷ್ಟು ದೊಡ್ಡದಾಗಿ, ಕೆಂಪಗೆ. ಸುತ್ತ ಮಂಚ, ಮಂಡಿ, ಚಿಲಕ, ಸಿಲಿಂಡರು ಎಲ್ಲವೂ ನನಗೆ ಗೆರೆ ಜೋಡಿಸಿಕೊಂಡು ಶರಣಾಗತವಾಗಿದ್ದವು. ಇವರ ಗುಳ್ಳೆ ಮಾತ್ರ ಗೆರೆ ಕಿತ್ತುಹೋಗಿ, ಮೇಲಿನ ಮೂಲೆಯಲ್ಲಿ ಅನಾಥವಾಗಿ ತೇಲುತ್ತಿತ್ತು.

ಅದೇ ಆವೇಶದಲ್ಲಿ ಫೋನೆತ್ತಿ, “ಟೀಚರ್, ಮನೆ ನಮಗೇ ಬೇಕು!” ಎಂದು ಗುಡುಗಿದೆ.

“ಬೇಕಾದರೆ ಕೊಡ್ತೀನಮ್ಮ, ಕೂಗೋದ್ಯಾಕೆ?” ಎಂದರು ಅವರು.

ಮನೆ ಸಿಕ್ಕಿತು. ಕಿಟಕಿ ನನ್ನದಾಯಿತು. ಇನ್ನು ಇವರು ನನ್ನ ಮೇಲೆ ಹಾರಾಡುತ್ತಾರೆಂದು ಸೆರಗು ಬಿಗಿದು ನಿಂತೆ. ಇವರು ಹಾರಾಡಲಿಲ್ಲ. ಪರದೆಯನ್ನೇ ತುಂಬಾ ಹೊತ್ತು ನೋಡಿ, ಚಪ್ಪಾಳೆ ತಟ್ಟಿದರು. “ಆಹಾ! ಕೇಂದ್ರ ಸರಿಯಾದರೆ ಎಲ್ಲಾ ಸರಿಯಾಗುತ್ತೆ ಅಂತ ತರಬೇತಿಯಲ್ಲಿ ಹೇಳಿದ್ದು ಇದನ್ನೇ. ಎಲ್ಲರ ಫೋನಿಗೂ ಕಳಿಸು ಮಗಳೇ.”

ಮೂರ್ಖಳು ನಾನು, ಉಬ್ಬಿಹೋದೆ.

ಮರುದಿನ ಲ್ಯಾಬಿನಲ್ಲಿ ದಪ್ಪ ತೋಳಿನವರೊಬ್ಬರಿಗೆ ಪಟ್ಟಿ ಬಿಗಿದು ರಕ್ತನಾಳಕ್ಕಾಗಿ ತಡಕಾಡುತ್ತಿದ್ದೆ. ಫೋನು ಗುರ್ರ್ ಎಂದಿತು. ‘ಗ್ಯಾಸ್ ವಿಳಾಸ ಬದಲಾವಣೆ. ಜವಾಬ್ದಾರಿ: ಇವಳು.’ ಮತ್ತೆ ಗುರ್ರ್. ‘ಮಂಚ ಬಿಚ್ಚುವುದು. ಜವಾಬ್ದಾರಿ: ಇವಳು.’ ಆಮೇಲೆ ಎಡ ಮಂಡಿ. ಆಮೇಲೆ ಬಲ ಮಂಡಿ. ‘ಚಿಲಕ ಯಾಕೆ?’ ಎಂಬುದಕ್ಕೂ ನಾನೇ ಜವಾಬ್ದಾರಿ!

“ಮೇಡಂ, ರಕ್ತ ತಗೊಳ್ಳಿ. ಕೈ ಜೋಮು ಹಿಡೀತಾ ಇದೆ,” ಎಂದರು ತೋಳಿನವರು.

ಸಂಜೆ ಮನೆಗೆ ಬಂದವಳೇ ಚೀಲ ಎಸೆದೆ. “ಏನ್ರೀ, ಎಲ್ಲಾ ನನ್ನ ತಲೆಗೆ ಕಟ್ಟಿದ್ದೀರಲ್ಲ! ನಾಚಿಕೆ ಆಗಲ್ವಾ?”

“ನಾನೆಲ್ಲಿ ಕಟ್ಟಿದೆ? ಗೆರೆ ಯಾರಿಗೆ ಸೇರುತ್ತೋ ಕೆಲಸ ಅವರದು. ನಡುವೆ ಬಂದು ಕೂತವಳು ನೀನು. ನನ್ನನ್ನೇ ನೋಡು, ಮೂಲೆಯಲ್ಲಿದ್ದೀನಿ. ಒಂದು ಗೆರೆಯೂ ಇಲ್ಲ,” ಎಂದು ನಿಟ್ಟುಸಿರಿಟ್ಟು, ಕಾಲಿನ ಮೇಲೆ ಕಾಲು ಹಾಕಿಕೊಂಡರು. ಅಷ್ಟು ಸುಖವಾದ ನಿಟ್ಟುಸಿರನ್ನು ನಾನು ಈವರೆಗೆ ಕೇಳಿಲ್ಲ.

ಸಾಮಾನು ಸಾಗಿಸುವ ದಿನವೂ ಅಷ್ಟೇ. ಲಾರಿಯವನು “ಇದನ್ನ ಎಲ್ಲಿಡೋದು?” ಎಂದಾಗಲೆಲ್ಲ ಮನೆಮಂದಿಯ ಬೆರಳುಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಮಂಚ ಬಾಗಿಲಲ್ಲಿ ತೂರಲಿಲ್ಲ. ಕಾಲುಗಳನ್ನು ಬಿಚ್ಚಿ, ಅಡ್ಡ ತಿರುಗಿಸಿ, ನಾನೂ ಲಾರಿಯವನೂ ಒಳಗೆ ನೂಕುತ್ತಿದ್ದರೆ, ಇವರು ಎದುರು ನಿಂತು ಫೋಟೋ ತೆಗೆದು ‘ಮಂಚ’ ಕೊಂಬೆಗೆ ಅಂಟಿಸಿದರು.

ಎಲ್ಲ ಮುಗಿದು, ಮೈಯೆಲ್ಲ ನುಗ್ಗಾಗಿ, ಹೊಸ ಅಡುಗೆಮನೆಯ ಕಿಟಕಿಯ ಕೆಳಗೆ ಕುಸಿದು ಕುಳಿತೆ. ಇನ್ನು ತಡೆಯಲಾಗಲಿಲ್ಲ. ಫೋನಿನಲ್ಲಿ ಆ ದರಿದ್ರ ನಕ್ಷೆ ತೆರೆದು, ‘ಎಲ್ಲರಿಗೂ ಚಹಾ’ ಎಂಬ ಹೊಸ ಗುಳ್ಳೆ ಮಾಡಿ, ಮೂಲೆಯಲ್ಲಿ ಹಾಯಾಗಿ ತೇಲುತ್ತಿದ್ದ ‘ಯಜಮಾನರು’ ಗುಳ್ಳೆಗೆ ಗಟ್ಟಿಯಾಗಿ ಗೆರೆ ಎಳೆದೆ.

“ಆಗಲಿ, ಅದಕ್ಕೇನಂತೆ!” ಎಂದು ಪಕ್ಕದ ಕೋಣೆಯಿಂದ ಉತ್ತರ ಬಂತು. ನನಗೆ ಕಣ್ಣೀರೇ ಬರುವುದರಲ್ಲಿತ್ತು.

ಗುರ್ರ್. ‘ಚಹಾಪುಡಿ ಎಲ್ಲಿದೆ? ಜವಾಬ್ದಾರಿ: ಇವಳು.’ ಗುರ್ರ್. ‘ಸಕ್ಕರೆ ಯಾವ ಡಬ್ಬಿಯಲ್ಲಿ? ಜವಾಬ್ದಾರಿ: ಇವಳು.’ ಗುರ್ರ್. ‘ಒಲೆ ಹಚ್ಚಲು ಲೈಟರು. ಹಾಲು. ಲೋಟ ತೊಳೆಯುವುದು.’ ಚಹಾ ಕೊಂಬೆ ಕಣ್ಣೆದುರೇ ಚಿಗುರಿ ಹೆಮ್ಮರವಾಯಿತು.

ಉತ್ತರ ಬರೆಯುವುದಕ್ಕಿಂತ ಮಾಡುವುದೇ ಸುಲಭವೆಂದು, ಹಲ್ಲು ಕಡಿಯುತ್ತಾ ಎದ್ದೆ. ಪೆಟ್ಟಿಗೆ ಬಿಚ್ಚಿದೆ, ಪುಡಿ ಹುಡುಕಿದೆ, ಲೋಟ ತೊಳೆದೆ, ಚಹಾ ಕುದಿಸಿದೆ. ತಟ್ಟೆಯಲ್ಲಿಟ್ಟು ಹೊರಗೆ ತಂದೆ. ಯಜಮಾನರು ಒಂದು ಲೋಟ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೋನು ಒತ್ತಿದರು. ಎಲ್ಲರ ಫೋನೂ ಒಟ್ಟಿಗೆ ಗುರ್ರ್ ಎಂದಿತು. ‘ಎಲ್ಲರಿಗೂ ಚಹಾ: ಪೂರ್ಣಗೊಂಡಿದೆ. ಪೂರ್ಣಗೊಳಿಸಿದವರು: ಯಜಮಾನರು.’

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕನ್ನಡಕ ಸರಿಮಾಡಿಕೊಂಡು ಫೋನು ಓದಿ ಮುಗಿಸಿದ್ದರು. ಸೊರ್ರೆಂದು ಒಂದು ಗುಟುಕು ಹೀರಿ, ಕಣ್ಣು ಮುಚ್ಚಿ ಸವಿದು, ನನ್ನ ಕಡೆ ತಿರುಗಿದರು.

“ನನ್ನ ಮಗ ಎಷ್ಟು ಚೆನ್ನಾಗಿ ಚಹಾ ಮಾಡಿದ್ದಾನೆ ನೋಡೇ. ಅವನ ಹತ್ರ ನೀನೂ ಸ್ವಲ್ಪ ಕಲಿತುಕೋಬಾರದಾ?”